ದಾಸವಾಳದ ಬುಡದ ಸಂಸಾರ

ಗಣೇಶನ ಹಬ್ಬದ ಬೆಳಿಗ್ಗೆ ಪೂಜೆಯ ತಟ್ಟೆಯಲ್ಲಿ ಒಂದು ಕಟ್ಟು ಗರಿಕೆ, ನಾಲ್ಕು ಕೆಂಪು ದಾಸವಾಳ ಅಕ್ಕಪಕ್ಕ ಕೂತಿರುತ್ತವೆ. ದೇವರ ಮುಂದೆ ಅಷ್ಟು ಅನ್ಯೋನ್ಯವಾಗಿರುವ ಇವೆರಡನ್ನು ಅಂಗಳದಲ್ಲಿ ನೋಡಬೇಕು. ಗರಿಕೆ ಕಲ್ಲಿನ ಸಂದಿಯಿಂದ ಹೊರಟು, ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತ, ದಾಸವಾಳದ ಬುಡಕ್ಕೆ ಬಂದು, ನೀವು ಹಾಕಿದ ಗೊಬ್ಬರದ ಮೊದಲ ಪಂಕ್ತಿಗೆ ತಾನೇ ಎಲೆ ಹಾಕಿಕೊಂಡು ಕೂರುತ್ತದೆ. ವರ್ಷವೆಲ್ಲ ಬೈದುಕೊಂಡು ಕಿತ್ತೆಸೆಯುವ ಅದೇ ಗರಿಕೆಯನ್ನು ಹಬ್ಬದ ಹಿಂದಿನ ಸಂಜೆ ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟು ತರುತ್ತೇವೆ. ನಾನೂ ತಂದಿದ್ದೇನೆ.

ಇವತ್ತು ನನಗೆ ಕೊಟ್ಟಿರುವ ವಿಷಯ ದೊಡ್ಡದು: ಕೈತೋಟದ ಕಳೆ ಮತ್ತು ಕೀಟ. ಅಷ್ಟನ್ನೂ ಒಂದು ಗಂಟೆಯಲ್ಲಿ ತುರುಕಿದರೆ ನೀವು ಹೆಸರುಗಳನ್ನು ಬರೆದುಕೊಂಡು ಹೋಗುತ್ತೀರಿ, ಗಿಡ ಹಾಗೆಯೇ ಇರುತ್ತದೆ. ಹಾಗಾಗಿ ಒಂದೇ ಗಿಡವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಎಷ್ಟು ಜನರ ಮನೆಯಲ್ಲಿ ದಾಸವಾಳ ಇದೆ? ಕೈ ಎತ್ತಿ. ಅದರಲ್ಲಿ ಎಷ್ಟು ಜನರ ಗಿಡಕ್ಕೆ ಬಿಳಿ ಹತ್ತಿಯಂಥ ಹುಳ ಹಿಡಿದಿದೆ? ನೋಡಿ, ಎತ್ತಿದ ಕೈಗಳಲ್ಲಿ ಕೆಳಗಿಳಿದದ್ದು ಎರಡೇ. ಆ ಇಬ್ಬರು ಮನೆಗೆ ಹೋಗಿ ಇನ್ನೊಮ್ಮೆ ಎಲೆ ಮಗುಚಿ ನೋಡಬೇಕು.

ನಮ್ಮ ಮನೆಯದು ಐದೆಸಳಿನ ಸಾಮಾನ್ಯ ಕೆಂಪು ದಾಸವಾಳ. ಕಾಂಪೌಂಡಿಗೆ ಒತ್ತಿಕೊಂಡು ಬೆಳೆದಿದೆ. ಕಾಂಪೌಂಡಿನ ಆಚೆ ಯಾರದೋ ಖಾಲಿ ನಿವೇಶನ. ಕೆಲವು ವರ್ಷಗಳ ಹಿಂದೆ, ಶಿವರಾತ್ರಿಯ ಹೊತ್ತಿಗೆ, ಕುಡಿಗಳಿಗೆಲ್ಲ ಹತ್ತಿ ಅಂಟಿಸಿದಂತಾಯಿತು. ಎಲೆ ಸುಕ್ಕುಗಟ್ಟಿತು, ಕೆಳಗಿನ ಎಲೆಗಳು ಮಸಿ ಬಳಿದಂತೆ ಕಪ್ಪಾದವು, ಮೊಗ್ಗು ಅರಳುವ ಮೊದಲೇ ಉದುರತೊಡಗಿತು. ಅಂಗಡಿಯಿಂದ ಒಂದು ಬಾಟಲಿ ಔಷಧ ತಂದು ಹೊಡೆದೆ. ಹುಳ ಸತ್ತಿತು. ಮೂರು ವಾರದಲ್ಲಿ ಮತ್ತೆ ಬಂತು. ಮತ್ತೆ ಹೊಡೆದೆ, ಮತ್ತೆ ಬಂತು, ಈ ಸಲ ಮೊದಲಿಗಿಂತ ಹೆಚ್ಚು. ಮೂರನೆಯ ಸಲ ಬಾಟಲಿ ಹಿಡಿದು ಹೊರಟಾಗ ಹೆಂಡತಿ ಕೇಳಿದಳು: "ನೀವು ಹುಳ ಕೊಲ್ಲುತ್ತಿದ್ದೀರೋ, ಸಾಕುತ್ತಿದ್ದೀರೋ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬಾಟಲಿ ಕೆಳಗಿಟ್ಟೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಕೆಲಸವಿಲ್ಲದೆ ಕೂತರೆ ಮಾತ್ರ ಕಾಣುವ ಕೆಲವು ಸಂಗತಿಗಳಿವೆ. ದಾಸವಾಳದ ಕಾಂಡದ ಮೇಲೆ ಕಪ್ಪಿರುವೆಯ ಸಾಲು. ಮೇಲೆ ಹೋಗುವ ಇರುವೆಯ ಹೊಟ್ಟೆ ಸಣ್ಣದು, ಕೆಳಗೆ ಬರುವ ಇರುವೆಯ ಹೊಟ್ಟೆ ಉಬ್ಬಿ ಹೊಳೆಯುತ್ತಿತ್ತು. ಸಾಲಿನ ಜಾಡು ಹಿಡಿದು ಹೋದೆ. ಅದು ಬುಡಕ್ಕೆ ಇಳಿದು, ಗೋಡೆಯ ಬಿರುಕಿನಲ್ಲಿ ನುಸುಳಿ, ಆಚೆಯ ನಿವೇಶನದಲ್ಲಿ ಎದೆಯೆತ್ತರ ಬೆಳೆದಿದ್ದ ಕಾಂಗ್ರೆಸ್ ಗಿಡಗಳ ಕಡೆಗೆ ಹೋಗಿತ್ತು. ಒಂದು ಗಿಡವನ್ನು ಬುಡಸಮೇತ ಕಿತ್ತೆ. ಮಣ್ಣು ಮುಟ್ಟುವ ಜಾಗದಲ್ಲಿ, ಕಾಂಡದ ಸುತ್ತ, ಅದೇ ಬಿಳಿ ಹಿಟ್ಟು. ನಾನು ಈಚೆ ಎರಡು ಸಲ ಮನೆ ಖಾಲಿ ಮಾಡಿಸಿದ್ದೆ, ಆಚೆ ಅವುಗಳ ತವರುಮನೆ ಹಾಗೆಯೇ ಇತ್ತು.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇದೇ. ಕಳೆ ಕೀಳುವುದು ಒಂದು ಕೆಲಸ, ಹುಳ ಓಡಿಸುವುದು ಇನ್ನೊಂದು ಕೆಲಸ ಎಂದು ನಾವು ಹಂಚಿಕೊಂಡಿದ್ದೇವೆ. ಕಳೆಗೆ ಕೂಲಿಯವರು, ಹುಳಕ್ಕೆ ಅಂಗಡಿಯ ಬಾಟಲಿ. ದಾಸವಾಳದ ಬುಡದಲ್ಲಿ ಆ ಹಂಚಿಕೆ ಇಲ್ಲ. ಅಲ್ಲಿ ಕಳೆ, ಹುಳ, ಇರುವೆ ಮೂರೂ ಒಂದೇ ಒಲೆಯ ಸಂಸಾರ.

ಈ ಬಾಟಲಿಯನ್ನೂ ಭೂತಗನ್ನಡಿಯನ್ನೂ ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಒಳಗೆ ನಮ್ಮ ಗಿಡದ್ದೇ ಒಂದು ಕುಡಿ ಇದೆ. ಬರಿಗಣ್ಣಿಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ, ಅದಕ್ಕೇ ಇದರ ಹೆಸರು ಹಿಟ್ಟು ತಿಗಣೆ. ಕನ್ನಡಿಯಲ್ಲಿ ನೋಡಿದರೆ ಅಕ್ಕಿಕಾಳಿಗಿಂತ ಚಿಕ್ಕದಾದ, ಮೊಟ್ಟೆಯಾಕಾರದ, ಕಾಲಿರುವ ಪ್ರಾಣಿ. ಮೈಮೇಲೆ ಮೇಣದ ಪುಡಿ, ಬೆನ್ನ ಮೇಲೆ ಜೋಡಿ ಜೋಡಿಯಾಗಿ ಕಪ್ಪು ಚುಕ್ಕೆ. ಇವೆಲ್ಲ ಹೆಣ್ಣುಗಳು, ಇವಕ್ಕೆ ಯಾವ ಕಾಲಕ್ಕೂ ರೆಕ್ಕೆ ಬರುವುದಿಲ್ಲ. ಗಂಡಿಗೆ ರೆಕ್ಕೆ ಬರುತ್ತದೆ, ಆದರೆ ಬಾಯಿ ಇಲ್ಲ. ಕೆಲವು ದಿನ ಬದುಕಿ ಸಾಯುತ್ತದೆ. ಹೆಣ್ಣು ಹತ್ತಿಯಂಥ ಚೀಲ ನೇಯ್ದು ಅದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಅಲ್ಲಿಂದ ಹೊರಡುವ ಮರಿಗಳು ಧೂಳಿನ ಕಣದಷ್ಟಿರುತ್ತವೆ. ಗಾಳಿಯಲ್ಲಿ ತೇಲುತ್ತವೆ, ನಿಮ್ಮ ಅಂಗಿಗೆ ಅಂಟುತ್ತವೆ, ಕತ್ತರಿಯ ಅಲಗಿಗೆ ಅಂಟಿ ಮುಂದಿನ ಗಿಡಕ್ಕೆ ಹೋಗುತ್ತವೆ. ಮರಿಯ ಮೈಮೇಲೆ ಮೇಣ ಇನ್ನೂ ದಟ್ಟವಾಗಿರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಿಟ್ಟು ತಿಗಣೆಯಲ್ಲಿ ಹಲವು ಜಾತಿ. ಮನೆಯಲ್ಲಿ ಗುರುತಿಸಲು ಒಂದು ಒರಟು ಉಪಾಯ ಇದೆ, ಉಗುರಿನಲ್ಲಿ ಒತ್ತಿ ನೋಡುವುದು. ಹಳದಿ ರಸ ಬಂದರೆ ಪಪ್ಪಾಯಿಯ ಹಿಟ್ಟು ತಿಗಣೆ ಇರಬಹುದು. ಕೆಂಪಗೆ ಗುಲಾಬಿಯಾಗಿ ಬಂದರೆ ಅದು ದಾಸವಾಳದ ಗುಲಾಬಿ ಹಿಟ್ಟು ತಿಗಣೆ. ಈ ಗುಲಾಬಿಯದು ಕೆಟ್ಟ ಜಾತಿ. ಅದರ ಜೊಲ್ಲಿನಲ್ಲಿ ವಿಷ ಇದೆ, ಚುಚ್ಚಿದ ಕುಡಿ ಮುಂದಕ್ಕೆ ಬೆಳೆಯದೆ ಮುಷ್ಟಿ ಕಟ್ಟಿದಂತೆ ಮುದುಡಿಕೊಳ್ಳುತ್ತದೆ. ಆ ಮುದುಡಿದ ಎಲೆಯ ಒಳಗೆ ಹುಳ ಬೆಚ್ಚಗೆ ಕೂತಿರುತ್ತದೆ, ಯಾವ ಔಷಧವೂ ಅಲ್ಲಿಗೆ ತಲುಪುವುದಿಲ್ಲ. 1994ರಲ್ಲಿ ಇದು ಕೆರಿಬಿಯನ್ ದ್ವೀಪ ಗ್ರೆನಡಾಕ್ಕೆ ಹೋಗಿ ಸೇರಿ, ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹಬ್ಬಿ, ದಾಸವಾಳದ ಬೇಲಿಗಳನ್ನು ಹಾಳುಗೆಡವಿತು. ಒಂದು ಗುಲಗಂಜಿ ಹುಳ ಮತ್ತು ಚೀನಾದ ಕಡೆಯಿಂದ ತಂದ ಒಂದು ಸಣ್ಣ ಕಣಜ ಸೇರಿ ಅಲ್ಲಿ ಅದನ್ನು ಹತೋಟಿಗೆ ತಂದವು.

ಬಾಟಲಿಯಲ್ಲಿರುವ ಚುಕ್ಕೆ ಬೆನ್ನಿನದು ಹತ್ತಿ ಹೊಲಗಳಲ್ಲಿ ಕುಖ್ಯಾತವಾದ ಜಾತಿ. ಹತ್ತಿ, ಬೆಂಡೆ, ದಾಸವಾಳ ಮೂರೂ ಒಂದೇ ಕುಟುಂಬದ ಗಿಡಗಳು. ಬೆಂಡೆಯ ಹೂವನ್ನು ದಾಸವಾಳದ ಪಕ್ಕ ಹಿಡಿದು ನೋಡಿ, ಬಣ್ಣ ಬಿಟ್ಟರೆ ಅಕ್ಕತಂಗಿಯರು. ಹಾಗಾಗಿ ಹುಳಗಳೂ ನೆಂಟರ ಮನೆಗೆ ಹೋದ ಹಾಗೆ ಓಡಾಡುತ್ತವೆ. ಕಾಂಗ್ರೆಸ್ ಗಿಡ ಆ ಕುಟುಂಬದ್ದಲ್ಲ. ಆದರೂ ಈ ತಿಗಣೆಗೆ ಅದು ಇಷ್ಟವಾದ ಮನೆ, ಯಾರೂ ಔಷಧ ಹೊಡೆಯದ ಮನೆ.

ಈಗ ಇರುವೆಗೆ ಬರೋಣ. ಗಿಡದ ರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ತಿಗಣೆಗೆ ಮೈ ಬೆಳೆಸಲು ಬೇಕಾದದ್ದು ಆ ಕಡಿಮೆ ಇರುವ ವಸ್ತು. ಅದಕ್ಕಾಗಿ ಅದು ಹೊಟ್ಟೆ ಮೀರಿ ರಸ ಕುಡಿಯುತ್ತದೆ, ಬೇಡದ ಸಕ್ಕರೆನೀರನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತದೆ. ಇರುವೆ ಕಾದು ಕೂತಿರುವುದು ಆ ಹನಿಗೆ. ಮೀಸೆಯಿಂದ ತಿಗಣೆಯ ಬೆನ್ನು ತಟ್ಟುತ್ತದೆ, ಹನಿ ಬರುತ್ತದೆ, ಕುಡಿಯುತ್ತದೆ. ಹಸು ಕರೆದಂತೆಯೇ. ಹಸು ಸಾಕುವವನು ಚಿರತೆಯನ್ನು ಕೊಟ್ಟಿಗೆಗೆ ಬಿಡುತ್ತಾನೆಯೇ? ಇರುವೆಯೂ ಬಿಡುವುದಿಲ್ಲ. ತಿಗಣೆ ತಿನ್ನಲು ಬರುವ ಗುಲಗಂಜಿ ಹುಳವನ್ನು ಕಚ್ಚಿ ಓಡಿಸುತ್ತದೆ. ಕೆಲವು ಜಾತಿಯ ಇರುವೆಗಳು ತಿಗಣೆಯನ್ನು ಹೊತ್ತು ಹೊಸ ಜಾಗಕ್ಕೆ ಸಾಗಿಸುವುದೂ ಉಂಟು. ಇರುವೆಗೆ ಸಿಗದೆ ಎಲೆಯ ಮೇಲೆ ಬಿದ್ದ ಹನಿಯಲ್ಲಿ ಬೂಷ್ಟು ಬೆಳೆಯುತ್ತದೆ, ಅದೇ ನೀವು ನೋಡುವ ಕಪ್ಪು ಮಸಿ. ಮಸಿ ರೋಗವೆಂದು ಅದಕ್ಕೇ ಬೇರೆ ಔಷಧ ಮಾರುವವರೂ ಇದ್ದಾರೆ. ಹುಳ ಹೋದರೆ ಮಸಿಗೆ ಊಟವಿಲ್ಲ, ಹೊಸ ಎಲೆ ಹಸಿರಾಗಿಯೇ ಬರುತ್ತದೆ.

ಆದ್ದರಿಂದ ನನ್ನ ಮೊದಲ ಕೆಲಸ ಹುಳ ಕೊಲ್ಲುವುದಲ್ಲ, ಇರುವೆಯ ದಾರಿ ಕಡಿಯುವುದು. ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಹಾಲು ಮೊಸರು ಇಡುವ ಜಾಲರಿ ಕಪಾಟಿನ ನಾಲ್ಕು ಕಾಲುಗಳೂ ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಂತಿರುತ್ತಿದ್ದವು. ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ತತ್ವ ಅದೇ. ಅಂಗಳದ ಗಿಡಕ್ಕೆ, ನೆಲದಿಂದ ಒಂದು ಗೇಣು ಮೇಲೆ, ಕಾಂಡಕ್ಕೆ ಮೊದಲು ಬಟ್ಟೆಪಟ್ಟಿ ಸುತ್ತಿ, ಅದರ ಮೇಲೆ ಅಗಲದ ಟೇಪು ಸುತ್ತಿ, ಟೇಪಿಗೆ ವ್ಯಾಸಲೀನನ್ನು ದಪ್ಪಗೆ ಬಳಿಯಿರಿ. ಗ್ರೀಸನ್ನು ನೇರವಾಗಿ ತೊಗಟೆಗೆ ಬಳಿಯಬೇಡಿ, ತೊಗಟೆ ಸುಡುತ್ತದೆ. ಧೂಳು ಕೂತಾಗ ಹೊಸದಾಗಿ ಬಳಿಯಬೇಕು.

ನಾನು ಹೀಗೆ ಕಟ್ಟಿದೆ. ಎರಡು ದಿನ ಇರುವೆ ಇಲ್ಲ. ಮೂರನೆಯ ದಿನ ಮೊದಲಿನಷ್ಟೇ ಇರುವೆ. ಪಟ್ಟಿಯ ಮೇಲೆ ಒಂದೂ ದಾಟಿಲ್ಲ, ಆದರೂ ಮೇಲೆ ತುಂಬ ಇವೆ! ಅರ್ಧ ದಿನ ಹುಡುಕಿದ ಮೇಲೆ ತಿಳಿಯಿತು: ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ದಾಸವಾಳದ ಕೊಂಬೆಗೆ ಕಟ್ಟಿದ್ದೆವು. ನನ್ನ ಪಂಚೆ, ಮಗಳ ಚೂಡಿದಾರ ಎಲ್ಲವನ್ನೂ ದಾಟಿಕೊಂಡು ಇರುವೆಗಳು ಹಗ್ಗದ ಮೇಲೆ ಸಾಲುಗಟ್ಟಿ ಹೋಗುತ್ತಿದ್ದವು. ಗೋಡೆಗೆ ತಾಗುವ ಕೊಂಬೆ, ನೆಲಕ್ಕೆ ಬಾಗಿದ ಕೊಂಬೆ, ಆಧಾರಕ್ಕೆ ನಿಲ್ಲಿಸಿದ ಬಿದಿರು, ಎತ್ತರ ಬೆಳೆದು ಎಲೆ ಮುಟ್ಟುವ ಕಳೆ, ಇವೆಲ್ಲ ಸೇತುವೆಗಳೇ. ಒಂದೊಂದನ್ನೂ ತೆಗೆಯಬೇಕು. ತಾರಸಿಯ ಕುಂಡಗಳಿಗಾದರೆ ಅಜ್ಜಿಯ ನೀರಿನ ಬಟ್ಟಲೇ ಸಾಕು, ಆದರೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ. ಇಲ್ಲವಾದರೆ ಇರುವೆಯನ್ನು ತಡೆದು ಡೆಂಗಿ ಸೊಳ್ಳೆಯನ್ನು ಸಾಕಿದಂತಾಗುತ್ತದೆ.

ಕಳೆಯ ವಿಷಯ. ಕಾಂಗ್ರೆಸ್ ಗಿಡದ ಕಥೆ ನಿಮಗೆ ಗೊತ್ತು: 1955ರಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು, ಹೊರಗಿನಿಂದ ಬಂದ ಗೋಧಿಯ ಜೊತೆ ಬಂತು ಎನ್ನುತ್ತಾರೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋದಿಂದ ಒಂದು ದುಂಬಿಯನ್ನು ಬೆಂಗಳೂರಿಗೆ ತಂದರು, ಮರುವರ್ಷ ಹೊರಗೆ ಬಿಟ್ಟರು. ತಿಳಿಹಳದಿ ರೆಕ್ಕೆಯ ಮೇಲೆ ಕಂದು ಗೀರುಗಳಿರುವ ದುಂಬಿ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಯೆಲ್ಲ ಜರಡಿಯಾಗಿದ್ದರೆ ಅದು ಇವುಗಳ ಕೆಲಸ, ದಯವಿಟ್ಟು ಕೊಲ್ಲಬೇಡಿ. ಬೇಸಿಗೆಯಲ್ಲಿ ಅವು ಮಣ್ಣಿನೊಳಗೆ ನಿದ್ದೆ ಹೋಗುತ್ತವೆ, ಆಗ ಕೀಳುವ ಕೆಲಸ ನಮ್ಮದೇ. ಹೂ ಬಿಡುವ ಮೊದಲು, ಮಳೆ ಬಂದು ಮಣ್ಣು ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಕಿತ್ತು ತಿಂಗಳುಗಟ್ಟಲೆ ಮೈ ಕೆರೆದುಕೊಂಡವರನ್ನು ನೋಡಿದ್ದೇನೆ. ಖಾಲಿ ನಿವೇಶನ ನಿಮ್ಮದಲ್ಲ, ನಿಜ. ನನ್ನದೂ ಅಲ್ಲ. ಆದರೂ ನಾನು ಕಾಂಪೌಂಡಿನ ಆಚೆ ಮೂರು ಅಡಿಯಷ್ಟು ಕಿತ್ತು ಇಡುತ್ತೇನೆ. ಸಂಬಂಧಪಟ್ಟ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಅರ್ಜಿಗಿಂತ ಕೈಗವಸು ಅಗ್ಗ.

ಕಾಂಗ್ರೆಸ್ ಗಿಡವನ್ನು ಎಲ್ಲರೂ ಗುರುತಿಸುತ್ತಾರೆ. ಗುರುತಿಸದೆ ಬಿಡುವುದು ದಾಸವಾಳದ ಬಡ ನೆಂಟರನ್ನು. ಶ್ರೀಮುದ್ರೆ ಗಿಡ ನೆನಪಿದೆಯೇ? ಚಕ್ರದಂಥ ಕಾಯಿ, ಚಿಕ್ಕಂದಿನಲ್ಲಿ ಶಾಯಿಗೆ ಅದ್ದಿ ಪುಸ್ತಕದ ತುಂಬ ಮುದ್ರೆ ಒತ್ತುತ್ತಿದ್ದೆವು. ಇನ್ನೊಂದು ಭೀಮನಕಡ್ಡಿ, ರಸ್ತೆ ಬದಿಯಲ್ಲಿ ಎಳೆದರೆ ಕೈ ಸೀಳುವಷ್ಟು ಗಟ್ಟಿ ನಾರಿನ ಗಿಡ. ಎರಡೂ ದಾಸವಾಳದ ಕುಟುಂಬದವೇ. ದಾಸವಾಳಕ್ಕೆ ಬರುವ ತಿಗಣೆ, ಸಸ್ಯಹೇನು ಇವುಗಳ ಮೇಲೆ ಕಾಲ ಕಳೆದು, ನೀವು ಕೊಂಬೆ ಸವರಿ ಹೊಸ ಚಿಗುರು ಬರಿಸಿದ ತಕ್ಷಣ ಹಾಜರಾಗುತ್ತವೆ. ಬುಡದ ಸುತ್ತ ಹತ್ತು ಅಡಿಯಲ್ಲಿ ಇವು ಇರಬಾರದು.

ಕೊನ್ನಾರಿ ಗಡ್ಡೆಯ ಬಗ್ಗೆ ನನಗೆ ಗೌರವ ಇದೆ. ಜೇಕು ಎಂದರೂ ಅದೇ, ಆಯುರ್ವೇದದ ಭದ್ರಮುಷ್ಟಿಯೂ ಅದೇ. ಮೇಲಿನ ಹುಲ್ಲನ್ನು ಎಷ್ಟು ಸಲ ಕಿತ್ತರೂ ಕೆಳಗೆ ಮಣಿಸರದ ಹಾಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಕೂತಿರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದನ್ನೂ ಸೂಜಿಯಂತೆ ಚುಚ್ಚಿಕೊಂಡು ಮೇಲೆ ಬರುತ್ತದೆ. ಇದಕ್ಕೆಂದು ಗುದ್ದಲಿ ಹಾಕಿ ಆಳವಾಗಿ ಅಗೆಯುವವರಿದ್ದಾರೆ. ದಾಸವಾಳದ ಅನ್ನದ ಬೇರುಗಳು ಇರುವುದು ಮೇಲಿನ ಮಣ್ಣಿನಲ್ಲೇ, ಗಡ್ಡೆಯ ಜೊತೆ ಅವೂ ಕಡಿದುಹೋಗುತ್ತವೆ. ಆ ವಾರವೇ ಮೊಗ್ಗು ಉದುರುತ್ತದೆ, ನೀವು ಹುಳ ಎಂದುಕೊಳ್ಳುತ್ತೀರಿ. ನಾನು ಮಾಡುವುದು ಇಷ್ಟು: ಮಳೆ ಬಂದ ಮರುದಿನ ಹಳೆಯ ತಿರುಪುಳಿ ಹಿಡಿದು ಕೂತು, ಒಂದೊಂದು ಹುಲ್ಲಿನ ಪಕ್ಕದಲ್ಲೂ ಚುಚ್ಚಿ, ಗಡ್ಡೆಯನ್ನು ಎಬ್ಬಿಸಿ ತೆಗೆಯುವುದು. ತಪ್ಪಿಸಿಕೊಂಡದ್ದು ಮತ್ತೆ ಚಿಗುರುತ್ತದೆ. ಎರಡು ಮೂರು ವಾರದೊಳಗೆ, ಅಂದರೆ ಅದು ಹೊಸ ಗಡ್ಡೆ ಕಟ್ಟುವ ಮೊದಲು, ಮತ್ತೆ ತೆಗೆಯುವುದು. ಚಿಗುರಿ ಚಿಗುರಿ ಹಳೆಯ ಗಡ್ಡೆಯ ದುಡಿಮೆ ಕರಗುತ್ತದೆ. ಅದಕ್ಕೆ ಬಿಸಿಲು ಬೇಕು, ನೆರಳಾದರೆ ಸೊರಗುತ್ತದೆ. ಆದ್ದರಿಂದ ತೆಗೆದ ಜಾಗಕ್ಕೆ ತರಗೆಲೆಯನ್ನು ನಾಲ್ಕು ಬೆರಳು ದಪ್ಪ ಹಾಸಿ. ಕಾಂಡದ ಸುತ್ತ ಮಾತ್ರ ಒಂದು ಅಂಗೈ ಅಗಲ ಬರಿದಾಗಿ ಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೊಗಟೆ ಕೊಳೆಯುತ್ತದೆ, ಹೊದಿಕೆಯ ಕೆಳಗೆ ಇರುವೆಯೂ ಗೂಡು ಮಾಡುತ್ತದೆ. ಇದೆಲ್ಲ ಒಂದು ವರ್ಷದ ಕೆಲಸ. ಒಂದು ಭಾನುವಾರದ್ದಲ್ಲ.

ಕಳೆನಾಶಕ ಹೊಡೆಯಬಾರದೇ ಎಂದು ಆಗಲೇ ಒಬ್ಬರು ಪಿಸುಗುಟ್ಟಿದರು. ಗ್ಲೈಫೋಸೇಟ್ ಎಂಬ ಕಳೆನಾಶಕ, ಹುಲ್ಲು ಯಾವುದು, ದಾಸವಾಳ ಯಾವುದು ಎಂದು ಕೇಳುವುದಿಲ್ಲ. ಗಾಳಿಗೆ ಒಂದು ತುಂತುರು ಹಸಿರು ಎಲೆಗೆ ತಾಗಿದರೆ ಸಾಕು, ಮುಂದಿನ ಚಿಗುರು ದಾರದಂತೆ ಸೊರಗಿ ಬರುತ್ತದೆ. ಅಲ್ಲದೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟನಿಯಂತ್ರಕರಿಗೆ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಒಂದು ಗಿಡದ ಬುಡಕ್ಕೆ ಅದು ಬೇಡ.

ಇನ್ನು ಕಳೆಯೆಂದು ಎಸೆಯುವುದೆಲ್ಲ ಕಳೆಯಲ್ಲ. ದಾಸವಾಳದ ಬುಡದಲ್ಲಿ ತಾನಾಗಿ ಬರುವ ಹೊನಗೊನೆ, ಗೋಣಿಸೊಪ್ಪು, ಒಂದೆಲಗ ಇವನ್ನು ನಮ್ಮ ತಾಯಿ ಕಿತ್ತು ನೇರವಾಗಿ ಒಲೆಯ ಮೇಲಿಡುತ್ತಿದ್ದರು. ಹಳೆ ಮೈಸೂರಿನ ಕಡೆಯವರಿಗೆ ಬೆರಕೆ ಸೊಪ್ಪಿನ ಬಸ್ಸಾರು ಅಂದರೆ ನಾನು ವಿವರಿಸಬೇಕಾಗಿಲ್ಲ. ಮಡಿಲಲ್ಲಿ ಹತ್ತು ಹನ್ನೆರಡು ಜಾತಿಯ ಸೊಪ್ಪು ತುಂಬಿಕೊಂಡು ಬರುತ್ತಿದ್ದರು, ಒಂದನ್ನೂ ಬಿತ್ತಿದವರಿಲ್ಲ. ಈಗ ನಾವು ಅದನ್ನು ಕಿತ್ತು ಕಸದ ಗಾಡಿಗೆ ಹಾಕಿ, ತರಕಾರಿ ಅಂಗಡಿಯಲ್ಲಿ ಅದನ್ನೇ ಕಟ್ಟು ಕಟ್ಟಾಗಿ ಕೊಳ್ಳುತ್ತೇವೆ. ನೆಲ ಮುಚ್ಚಿಕೊಂಡು ತಗ್ಗಾಗಿ ಬೆಳೆಯುವ ಇಂಥವು ಬುಡದಲ್ಲಿ ಇದ್ದರೆ ತೊಂದರೆಯಿಲ್ಲ, ಕೊಂಬೆ ಮುಟ್ಟದಿದ್ದರೆ ಸಾಕು. ಒಂದು ಷರತ್ತು: ಗಿಡಕ್ಕೆ ವಿಷ ಹೊಡೆದಿದ್ದರೆ ಬುಡದ ಸೊಪ್ಪನ್ನು ಬಾಯಿಗಿಡಬೇಡಿ.

ಹುಳಕ್ಕೆ ನೇರವಾಗಿ ಏನು ಮಾಡಬೇಕು? ಮೊದಲು ಕತ್ತರಿ. ಮುಷ್ಟಿ ಕಟ್ಟಿದ ಕುಡಿ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಅದನ್ನು ಒಂದು ಗೇಣು ಕೆಳಗಿನಿಂದ ಕತ್ತರಿಸಿ. ಕತ್ತರಿಸುವ ಮೊದಲೇ ಕುಡಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಬಿಡಿ, ಆಮೇಲೆ ಕತ್ತರಿ ಹಾಕಿ, ಚೀಲದ ಬಾಯಿ ಕಟ್ಟಿ ನಾಲ್ಕು ದಿನ ಬಿಸಿಲಿನಲ್ಲಿಡಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಅಲ್ಲಿಂದ ನಡೆದು ಬರುತ್ತವೆ. ಕತ್ತರಿಯನ್ನು ಸಾಬೂನಿನಲ್ಲಿ ತೊಳೆಯಿರಿ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಕತ್ತರಿಸಿದೆನಲ್ಲಾ ಎಂದು ಸಂಕಟಪಡಬೇಕಾಗಿಲ್ಲ.

ಆಮೇಲೆ ನೀರು. ಕೊಳವೆಯ ತುದಿಗೆ ಹೆಬ್ಬೆರಳು ಒತ್ತಿ, ಎಲೆಯ ಅಡಿಗೆ ಬೀಳುವಂತೆ ಬೆಳಗಿನ ಹೊತ್ತು ಜೋರಾಗಿ ಹೊಡೆಯಿರಿ. ಹೊಸದಾಗಿ ಹಿಡಿದ ಸಸ್ಯಹೇನು, ತಿಗಣೆಯ ಮರಿ ಅರ್ಧಕ್ಕರ್ಧ ಇದರಲ್ಲೇ ಹೋಗುತ್ತವೆ. ಉಳಿದವಕ್ಕೆ ಬೇವಿನೆಣ್ಣೆ ಮತ್ತು ಸಾಬೂನು. ಲೀಟರು ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲು ಸ್ವಲ್ಪ ಮೆದು ಸಾಬೂನಿನ ದ್ರಾವಣವನ್ನು ಮೊದಲು ಎಣ್ಣೆಗೆ ಸೇರಿಸಿ ಕಲಕಿ, ಆಮೇಲೆ ನೀರಿಗೆ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು ಸಿಕ್ಕಿದರೆ ಇನ್ನೂ ಸುಲಭ, ಹೊದಿಕೆಯ ಮೇಲೆ ಬರೆದ ಅಳತೆಯಲ್ಲಿ ಕರಗಿಸಿದರಾಯಿತು. ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡ, ಅದರ ಕ್ಷಾರಕ್ಕೆ ಎಲೆಯ ಅಂಚು ಸುಡುತ್ತದೆ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಮೊದಲು ಒಂದೇ ಕೊಂಬೆಗೆ ಹೊಡೆದು ಒಂದು ದಿನ ನೋಡಿ.

ಮೇಣದ ಮಾತು ಈಗ ಬಂತು. ಸಾಬೂನು ಕೊಲ್ಲುವುದು ತಾಗಿದ ಹುಳವನ್ನು ಮಾತ್ರ, ಅದರಲ್ಲೂ ಮೇಣ ದಟ್ಟವಾಗದ ಮರಿಯನ್ನು. ಹತ್ತಿ ಚೀಲದೊಳಗಿನ ಮೊಟ್ಟೆಗೆ ಅದು ತಾಗುವುದೇ ಇಲ್ಲ. ಆ ಮೊಟ್ಟೆ ಒಡೆದು ಮರಿ ಹೊರಬಂದಾಗ ಮತ್ತೆ ಹೊಡೆಯಬೇಕು. ವಾರಕ್ಕೊಮ್ಮೆಯಂತೆ ಮೂರು ಸಲ. ಒಂದು ಸಲ ಹೊಡೆದು 'ಬೇವಿನೆಣ್ಣೆಯಲ್ಲಿ ಏನೂ ಇಲ್ಲ ಸಾರ್' ಎನ್ನುವವರು ಎರಡನೆಯ ಸಲ ಹೊಡೆದಿರುವುದಿಲ್ಲ.

ಈಗ ನನ್ನ ಒಂದು ಪಾಪ ಒಪ್ಪಿಕೊಳ್ಳಬೇಕು. ಇರುವೆಯ ದಾರಿ ಕಡಿದ ಕೆಲವು ವಾರಗಳ ಮೇಲೆ ಗಿಡದಲ್ಲಿ ದೊಡ್ಡ ದೊಡ್ಡ ಹಿಟ್ಟು ತಿಗಣೆಗಳು ಕಂಡವು. ಸಾಧಾರಣದ್ದಕ್ಕಿಂತ ಮೂರು ಪಟ್ಟು ಉದ್ದ, ಮೈತುಂಬ ಬಿಳಿ ಮೇಣದ ಜಟೆ. ಹುಳ ಕೊಬ್ಬಿತು ಎಂದುಕೊಂಡು ಒಂದೊಂದನ್ನೂ ಹುಡುಕಿ ಸಾಬೂನು ನೀರು ಬಿಟ್ಟೆ. ಹದಿನೈದು ಇಪ್ಪತ್ತು ಕೊಂದಿರಬೇಕು. ಒಂದು ಮಾತ್ರ ಎಲೆಯ ಮೇಲೆ ಸರಸರ ಓಡಿತು. ಹಿಟ್ಟು ತಿಗಣೆ ಓಡುವುದಿಲ್ಲ! ಅದನ್ನು ಹಿಡಿದು ಬಾಟಲಿಯಲ್ಲಿಟ್ಟೆ, ನಾಲ್ಕು ತಿಗಣೆ ಹಾಕಿದೆ. ನಾಲ್ಕನ್ನೂ ತಿಂದಿತು. ಹತ್ತು ಹನ್ನೆರಡು ದಿನ ಕಳೆದು ಬಾಟಲಿಯಲ್ಲಿ ಕಿತ್ತಳೆ ತಲೆ, ಕಪ್ಪು ಬೆನ್ನಿನ ಗುಂಡಗಿನ ಗುಲಗಂಜಿ ಹುಳ ಕೂತಿತ್ತು. ಅದು ಕ್ರಿಪ್ಟೊಲೀಮಸ್, ಹಿಟ್ಟು ತಿಗಣೆಯ ಯಮ. ತಿಗಣೆಯ ವೇಷ ಹಾಕಿಕೊಂಡು ತಿಗಣೆಯ ಮನೆಯಲ್ಲೇ ಊಟ ಮಾಡುತ್ತದೆ. ಆಸ್ಟ್ರೇಲಿಯಾದ ಈ ಹುಳವನ್ನು 1898ರಲ್ಲೇ ಕಾಫಿ ತೋಟದಲ್ಲಿ ಎಲೆಗೆ ಚಿಪ್ಪಿನಂತೆ ಅಂಟಿ ರಸ ಹೀರುವ ಹಸಿರು ಶಲ್ಕ ಕೀಟಕ್ಕೆಂದು ದಕ್ಷಿಣ ಭಾರತಕ್ಕೆ ತಂದಿದ್ದರು. ಆ ಕೆಲಸದಲ್ಲಿ ಅದು ಹೆಚ್ಚೇನೂ ಸಾಧಿಸಲಿಲ್ಲ, ಹಿಟ್ಟು ತಿಗಣೆಯ ಮೇಲೆ ಬಿದ್ದು ಇಲ್ಲಿಯೇ ನೆಲೆಸಿತು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬಂದು ನನ್ನ ಅಂಗಳದವರೆಗೆ ತಲುಪಿದ ಅತಿಥಿಯನ್ನು ನಾನು ಸಾಬೂನು ಹಾಕಿ ಕೊಂದಿದ್ದೆ. ನೀವು ಹಾಗೆ ಮಾಡಬೇಡಿ. ಕಡ್ಡಿಯಿಂದ ಮುಟ್ಟಿ ನೋಡಿ, ಓಡಿದರೆ ಬಿಟ್ಟುಬಿಡಿ.

ಪಪ್ಪಾಯಿಯ ತಿಗಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಅದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಎರಡೇ ವರ್ಷದಲ್ಲಿ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲಕ್ಕೂ ಹಬ್ಬಿ ರೇಷ್ಮೆ ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಿತು. ಹೊಡೆದ ಔಷಧಕ್ಕೆಲ್ಲ ಜಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಗೆ ಒಂದು ಮಿಲಿಮೀಟರೂ ಉದ್ದವಿಲ್ಲದ ಕಣಜವನ್ನು ತರಿಸಿದರು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಚಿಪ್ಪು ಕೊರೆದು ಹೊರಬರುತ್ತದೆ. ಹೊಲಗಳಿಗೆ ಬಿಟ್ಟ ಕೆಲವು ತಿಂಗಳಲ್ಲಿ ಪಿಡುಗು ಇಳಿಯಿತು. ನಿಮ್ಮ ಗಿಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ, ಗುಂಡು ತೂತಿರುವ ತಿಗಣೆಯ ಚಿಪ್ಪು ಕಂಡರೆ ಇಂಥದೇ ಒಂದು ಕಣಜ ಅಲ್ಲಿ ಕೆಲಸ ಮಾಡಿ ಹೋಗಿದೆ. ಆ ಕೊಂಬೆಗೆ ಬೇವಿನೆಣ್ಣೆಯೂ ಬೇಡ.

ನಾನು ಎರಡು ಸಲ ಔಷಧ ಹೊಡೆದಾಗ ಹುಳ ಹೆಚ್ಚಾದದ್ದು ಏಕೆ ಎಂದು ಈಗ ಅರ್ಥವಾಗಿರಬೇಕು. ತಿಗಣೆಯ ಜೊತೆ ಯಮನೂ ಸತ್ತ. ತಿಗಣೆ ಆಚೆಯ ಕಾಂಗ್ರೆಸ್ ಗಿಡದಿಂದ ವಾಪಸು ಬಂತು, ಯಮ ಬರಲು ತಡವಾಯಿತು.

ಬುಡಕ್ಕೆ ಸುರಿಯುವ ಅಂತರ್ವ್ಯಾಪಿ ಔಷಧಗಳಿವೆ, ಇಮಿಡಾಕ್ಲೋಪ್ರಿಡ್‌ನಂಥವು. ಬೇರಿನಿಂದ ಹೀರಿ ಗಿಡದ ಎಲ್ಲ ಭಾಗಕ್ಕೂ ಹೋಗುತ್ತವೆ. ಎಲ್ಲ ಭಾಗಕ್ಕೂ ಎಂದರೆ ಮಕರಂದಕ್ಕೂ. ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಹೂವಿನ ಬಾಯಿಯಿಂದ ಕೊಕ್ಕು ಹಾಕುವ ಸೌಜನ್ಯವೂ ಅದಕ್ಕಿಲ್ಲ, ಬುಡದಲ್ಲಿ ತೂತು ಕೊರೆದು ಹೀರಿ ಹೋಗುತ್ತದೆ. ಕಳ್ಳನಾದರೂ ನನ್ನ ಗಿಡದ ಕಳ್ಳ. ಸೂರಕ್ಕಿಯ ಮಾತಿರಲಿ, ನಾವೇನು ಕಡಿಮೆಯೇ? ದಾಸವಾಳದ ಎಲೆ ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚುತ್ತೇವೆ, ಬಿಳಿ ದಾಸವಾಳದ ತಂಬುಳಿ ಮಾಡುತ್ತೇವೆ, ಮಲೆನಾಡಿನವರು ಎಲೆ ಅರೆದು ದೋಸೆ ಹೊಯ್ಯುತ್ತಾರೆ. ತಿನ್ನುವ ಗಿಡಕ್ಕೆ ಏನು ಹೊಡೆಯಬಹುದೋ ಅಷ್ಟನ್ನೇ ದಾಸವಾಳಕ್ಕೂ ಹೊಡೆಯಿರಿ.

ಚೀಟಿಯಲ್ಲಿ ಬಂದ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರಿಸುತ್ತೇನೆ. 'ಕೆಂಪು ಬಣ್ಣದ, ಜೋಡಿಯಾಗಿ ಅಂಟಿಕೊಂಡು ಓಡಾಡುವ ತಿಗಣೆಗಳು ತುಂಬಿವೆ.' ಅವು ಹತ್ತಿಯ ಕೆಂಪು ತಿಗಣೆಗಳು, ಈ ಕುಟುಂಬದ ಗಿಡಗಳ ಬೀಜದ ರಸ ಅವುಗಳ ಇಷ್ಟದ ಊಟ. ನೋಡಲು ಭಯ, ಮನೆಯ ದಾಸವಾಳಕ್ಕೆ ದೊಡ್ಡ ಹಾನಿ ಇಲ್ಲ. ಕಸಿವಿಸಿಯಾದರೆ ಕೊಂಬೆಯನ್ನು ಸಾಬೂನು ನೀರಿನ ಬಕೆಟ್ಟಿನ ಮೇಲೆ ಕೊಡವಿ. 'ಹುಳವಿಲ್ಲ, ಆದರೂ ಮೊಗ್ಗು ಉದುರುತ್ತದೆ.' ಒಂದು ಮೊಗ್ಗನ್ನು ಸೀಳಿ ನೋಡಿ. ಒಳಗೆ ಸಣ್ಣ ಹುಳ ಇದ್ದರೆ ಬಿದ್ದ ಮೊಗ್ಗುಗಳನ್ನೆಲ್ಲ ದಿನವೂ ಆರಿಸಿ ನಾಶಮಾಡಿ. ಏನೂ ಇಲ್ಲದಿದ್ದರೆ ನೀರಿನ ಏರುಪೇರು, ನಾಲ್ಕು ದಿನ ಒಣಗಿಸಿ ಐದನೆಯ ದಿನ ಮುಳುಗಿಸುತ್ತಿದ್ದೀರಿ. 'ಯೂರಿಯಾ ಹಾಕುತ್ತಿದ್ದೇನೆ, ಚಿಗುರು ಚೆನ್ನಾಗಿದೆ, ಹುಳ ಹೋಗುತ್ತಿಲ್ಲ.' ಚಿಗುರು ನಿಮಗೆ ಚೆನ್ನಾಗಿ ಕಾಣುವ ಮೊದಲು ಹುಳಕ್ಕೆ ಚೆನ್ನಾಗಿ ಕಂಡಿದೆ. ಯೂರಿಯಾ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಹಾಕಿ. 'ಹೊಸ ಗಿಡ ತಂದ ಮೇಲೆಯೇ ಎಲ್ಲ ಶುರುವಾಯಿತು.' ಆಗಿರಬಹುದು. ನರ್ಸರಿಯಿಂದ ತಂದ ಕುಂಡವನ್ನು ಹದಿನೈದು ದಿನ ಬೇರೆಯಾಗಿಡಿ. ಎಲೆಯ ಅಡಿಯನ್ನೂ ನೋಡಿ, ಮಣ್ಣನ್ನೂ ನೋಡಿ, ಕೊನ್ನಾರಿ ಗಡ್ಡೆ ನಮ್ಮ ತಾರಸಿಗೆ ಬಂದದ್ದು ಹಾಗೆಯೇ.

ಇನ್ನೊಂದು ಬಾಟಲಿ ಇದೆ, ಇದನ್ನು ನೋಡದೆ ಹೋಗಬೇಡಿ. ಇದರೊಳಗೆ ದಾಸವಾಳದ ಎಲೆಗೆ ಅಂಟಿಕೊಂಡ ಕಂದು ಬಣ್ಣದ ಒಂದು ಕೋಶ ಇದೆ. ಮೇಲಿನಿಂದ ನೋಡಿ: ಎರಡು ಕಣ್ಣು, ಮೂಗು, ಅಚ್ಚು ಕೋತಿಯ ಮುಖ. ಇದರ ಮರಿಹುಳ ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆಗಳನ್ನೇ ತಿಂದು ಬೆಳೆಯುತ್ತದೆ, ತಿಗಣೆಯ ಹಿಟ್ಟನ್ನೇ ಮೈಗೆ ಬಳಿದುಕೊಂಡಿರುತ್ತದೆ. ಹೋದ ವಾರ ಕೋಶ ಕಟ್ಟಿತು. ನಾಳೆಯೋ ನಾಡಿದ್ದೋ ಇದರಿಂದ ಸಣ್ಣ ಬೂದು ಚಿಟ್ಟೆ ಹೊರಬರಬೇಕು. ಮುಚ್ಚಳಕ್ಕೆ ನಾಲ್ಕು ತೂತು ಮಾಡಿದ್ದೇನೆ, ಬೆರಳಿನಿಂದ ಮುಚ್ಚಬೇಡಿ. ಬಾಟಲಿ ನನಗೆ ವಾಪಸು ಬೇಕು, ಇದನ್ನು ಬಿಡಬೇಕಾದದ್ದು ಆ ಗಿಡದ ಹತ್ತಿರವೇ.